ಸೊನ್ನೆ ನೆಗೆಟಿವ್

9-1-89, ಸೋಮವಾರ

ಇವತ್ತು ಮೂವತ್ತೆರಡು ಫಾರ್ಮ್. ಒಟ್ಟು 611 ಆಯಿತು. ಬೆರಳು ನೋಯುವುದಿಲ್ಲ, ಕಣ್ಣು ನೋಯುತ್ತದೆ. ಕಪ್ಪು ಪರದೆ, ಹಸಿರು ಅಕ್ಷರ.

ಬೆಳಿಗ್ಗೆ ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಎರಡು ಬ್ಯಾಚ್ ಟೈಪಿಂಗ್. ಹನ್ನೊಂದಕ್ಕೆ ಡಾಕ್ಟರ್ ಚೆನ್ನಕೇಶವರ ಆಸ್ಪತ್ರೆ. ಮೊದಲು ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆಯಲ್ಲಿ ಈಗ ಕಂಪ್ಯೂಟರ್. ಅದಕ್ಕೊಂದು ಫ್ಯಾನ್ ಬೇರೆ. ನನ್ನ ಹುಡುಗಿಯರು ಬೆವರುತ್ತಾ ಟೈಪ್ ಮಾಡುತ್ತಾರೆ...

ಡಾಕ್ಟರರ ಹಟ ಇದು. ಪುತ್ತೂರು, ಸುಳ್ಯ, ಕಡಬ — ಎಲ್ಲಿಯೂ ಬ್ಲಡ್ ಬ್ಯಾಂಕ್ ಇಲ್ಲ. ರಕ್ತ ಬೇಕೆಂದರೆ ಮಂಗಳೂರು. ಅಷ್ಟು ಹೊತ್ತು ಕಾಯಲು ಎಲ್ಲರಿಗೂ ಆಗುವುದಿಲ್ಲ. ಅದಕ್ಕೆ, ಕರೆದಾಗ ಬಂದು ರಕ್ತ ಕೊಡುತ್ತೇವೆ ಅಂದವರ ಪಟ್ಟಿ. ಊರೂರಿನಲ್ಲಿ ಕ್ಯಾಂಪ್, ಬೆರಳು ಚುಚ್ಚಿ ಗುಂಪು ನೋಡುವುದು, ಫಾರ್ಮ್ ತುಂಬಿಸುವುದು, ಜೇಬಿಗೊಂದು ಕಾರ್ಡ್. ಫಾರ್ಮನ್ನು ಮಿಷನ್ನಿಗೆ ಏರಿಸುವುದು ನಾನು. ನೋಡದೆ ಟೈಪ್ ಮಾಡುವವರು ಊರಿನಲ್ಲಿ ಬೇರೆ ಯಾರಿದ್ದಾರೆ? ಹತ್ತೊಂಬತ್ತು ವರ್ಷ ಕಲಿಸಿದ ಕೈ.

ಪಟ್ಟಿ ಇಡುವ ಡಿಬೇಸ್ ಎಂಬ ಪ್ರೋಗ್ರಾಂ ತೆರೆದರೆ ಪರದೆಯಲ್ಲಿ ಒಂದು ಚುಕ್ಕೆ. ಅಷ್ಟೇ. ಏನು ಬೇಕೆಂದು ಅದರ ಮುಂದೆ ನಾವೇ ಬರೆಯಬೇಕು. ಸರಿಯಾಗಿ ಕೇಳಿದರೆ ಕೊಡುತ್ತದೆ. ಇಲ್ಲದಿದ್ದರೆ ಇಲ್ಲ.

18-1-89, ಬುಧವಾರ

ಮರ್ಯಾದೆ ಹೋಯಿತು.

ಸುಳ್ಯದಲ್ಲಿ ಕಂಪ್ಯೂಟರ್ ಕಲಿಸುವ ಉದಯಶಂಕರ ತಿಂಗಳಿಗೆರಡು ಸಲ ಬಂದು ನನಗೆ ಹೇಳಿಕೊಡುತ್ತಾರೆ. ಇಪ್ಪತ್ತಾರು ವರ್ಷ ಇರಬೇಕು. ಇವತ್ತು ಫೋನ್ ನಂಬರುಗಳನ್ನು ನೋಡಿ ತಲೆಗೆ ಕೈ ಇಟ್ಟುಕೊಂಡರು.

"ಟೀಚರ್, ಎಂತ ಇದು? ಎಲ್ಲ ಸೊನ್ನೆಗೆ ಓ ಹೊಡ್ದಿದ್ದೀರಿ!"

ನಮ್ಮ ಹಳೆಯ ಟೈಪ್‌ರೈಟರಿನಲ್ಲಿ ಸೊನ್ನೆಗೆ ಕೀಲಿಯೇ ಇಲ್ಲ. ದೊಡ್ಡ ಓ ಹೊಡೆಯುವುದು. ಕಲಿತದ್ದೂ ಹಾಗೆ, ಕಲಿಸಿದ್ದೂ ಹಾಗೆ. ಹೇಳಿದೆ.

"ನಮ್ಮ ಕಣ್ಣಿಗೆ ಎರಡೂ ಒಂದೇ. ಮಿಷನ್ನಿಗೆ ಅಲ್ಲ. ಅದಕ್ಕೆ ಇದು ಬೇರೆ, ಅದು ಬೇರೆ."

ಡಾಕ್ಟರ್ ಬಾಗಿಲಲ್ಲಿ ನಿಂತಿದ್ದರು. ನಕ್ಕರು. ಕೆಟ್ಟ ನಗು ಅಲ್ಲ, ಆದರೂ...

ಸಂಜೆಯವರೆಗೆ ಕೂತು ಎಲ್ಲ ನಂಬರ್ ತಿದ್ದಿದೆ. ಆಮೇಲೆ ಬರೀ ಸೊನ್ನೆ ಹೊಡೆದು ಅಭ್ಯಾಸ ಮಾಡಿದೆ, ಪುಟಗಟ್ಟಲೆ, ಹೊಸ ಹುಡುಗಿಯರಿಗೆ ಮಾಡಿಸುವ ಹಾಗೆ. ನಲವತ್ತೊಂದು ವರ್ಷದ ಬೆರಳಿಗೆ ಹೊಸ ದಾರಿ ಕಲಿಸುವುದು ಸುಲಭವಲ್ಲ. ಕಲಿಸಿದೆ.

2-2-89, ಗುರುವಾರ

ಇವತ್ತು ಎರಡು ಫೈಲು ಒಂದಕ್ಕೊಂದು ಕೂಡಿಕೊಂಡವು.

ಹೆಸರು, ಊರು, ಗುಂಪು ಒಂದು ಫೈಲಿನಲ್ಲಿ. ಯಾರು ಯಾವಾಗ ರಕ್ತ ಕೊಟ್ಟರು ಎಂಬುದು ಇನ್ನೊಂದರಲ್ಲಿ. ಎರಡರಲ್ಲೂ ಕಾರ್ಡಿನ ನಂಬರ್ ಒಂದೇ. ಆ ನಂಬರನ್ನು ಹಿಡಿದು ಒಂದು ಫೈಲು ಇನ್ನೊಂದಕ್ಕೆ ಹೋಗಿ ತಾರೀಕು ತರುತ್ತದೆ. SET RELATION ಅಂತ ಬರೆಯಬೇಕು. ನಾಲ್ಕು ದಿನ ತಪ್ಪು ತಪ್ಪು ಬಂತು. ಇವತ್ತು ಬಂತು. ಹೆಸರು, ಪಕ್ಕದಲ್ಲಿ ತಾರೀಕು.

ಡಾಕ್ಟರರನ್ನು ಕರೆದೆ. ರೋಗಿಯನ್ನು ಬಿಟ್ಟು ಬಂದರು. "ಇನ್ನು ಯಾರನ್ನು ಕರೀಬೇಕು, ಯಾರನ್ನು ಬಿಡ್ಬೇಕು ಅಂತ ಒಂದು ನಿಮಿಷದಲ್ಲಿ ಗೊತ್ತಾಗ್ತದೆ. ಅಲ್ವಾ ಟೀಚರ್?"

ಹೌದು ಅಂದೆ. ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ.

14-3-89, ಮಂಗಳವಾರ, ಹಗಲು 11.30

ಕೈ ಸುಮ್ಮನಿರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಸವಣೂರಿನ ಕುಂಞಿಪಾತುಮ್ಮ. ಇಪ್ಪತ್ತೆರಡು ವರ್ಷ. ಬೆಳಿಗ್ಗೆ ಎಂಟಕ್ಕೆ ಹೆರಿಗೆ, ಹೆಣ್ಣು ಮಗು, ಚೆನ್ನಾಗಿದೆ. ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್. ಪಾಸಿಟಿವ್ ಕೊಡುವ ಹಾಗೆಯೇ ಇಲ್ಲವಂತೆ. ಮೊದಲಿನ ಮಗು ಹೊಟ್ಟೆಯಲ್ಲೇ ಹೋದಾಗಿನಿಂದ ಅವಳ ಮೈ ಅದನ್ನು ತಡೆಯುವುದಿಲ್ಲ ಅಂದರು ಡಾಕ್ಟರ್. ಮಂಗಳೂರಿಗೆ ಫೋನ್ ಮಾಡಿದರು. ಆ ಗುಂಪು ಇವತ್ತು ಇಲ್ಲ.

ನಾಲ್ಕು ಬಾಟ್ಲಿ ಬೇಕು.

ಚುಕ್ಕೆಯ ಮುಂದೆ ಬರೆದೆ, BG ಅಂದರೆ ರಕ್ತದ ಗುಂಪು. LIST FOR BG = 'O-'

ನಾಲ್ಕೇ ಹೆಸರು. ಎಂಟುನೂರು ಜನರಲ್ಲಿ ನಾಲ್ಕು. ತ್ಯಾಂಪಣ್ಣ, ಕಡಬ, ಫೋನ್ ಇಲ್ಲ. ಹಕೀಮ್, ಉಪ್ಪಿನಂಗಡಿ. ದೇವದಾಸ, ಸುಳ್ಯ, ಫೋನ್ ಉಂಟು. ಶಂಕರಿ, ಇಲ್ಲೇ ಬಾಲವಾಡಿಯ ಆಯಾ. ಅವಳ ಪಕ್ಕದಲ್ಲಿ ತಾರೀಕು 20-2. ಕೊಟ್ಟು ಮೂರು ವಾರ. ಮತ್ತೆ ಕೊಡಲು ಮೂರು ತಿಂಗಳಾದರೂ ಆಗಬೇಕು.

ಹಕೀಮ್ ಮನೆಯ ಪಕ್ಕದ ಅಂಗಡಿಗೆ ಫೋನ್ ಮಾಡಿ ಹೇಳಿಸಿದೆವು. ದುಬಾಯಿಗೆ ಹೋಗಿ ಆರು ತಿಂಗಳಾಯಿತಂತೆ.

ಕುಂಞಿಪಾತುಮ್ಮನ ಗಂಡ ಅದ್ದು, ಮರದ ಮಿಲ್ಲಿನಲ್ಲಿ ಕೆಲಸ, ನನ್ನ ಮೇಜಿನ ಹತ್ತಿರವೇ ನಿಂತಿದ್ದ. "ಕಡಬಕ್ಕೆ ನಾನು ಹೋಗ್ತೇನೆ ಟೀಚರೇ. ಜೀಪು ಉಂಟು. ಆ ಹೆಸರು ಒಂದು ಬರ್ದು ಕೊಡಿ."

ಬರೆದು ಕೊಟ್ಟೆ. ಓಡಿದ.

ಸುಳ್ಯಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ ಮುಕ್ಕಾಲು ಗಂಟೆ. ಇನ್ನೂ ಇಲ್ಲ.

1.20

ಶಂಕರಿ ಬಂದಳು. ಡಾಕ್ಟರ್ ಬೇಡ ಅಂದರು. ಅವಳು ಸೀರೆಯ ಸೆರಗು ಸಿಕ್ಕಿಸಿ ಮೇಜಿನ ಮೇಲೆ ಮಲಗಿಯೇಬಿಟ್ಟಳು. "ನಂದು ಮೂರು ವಾರ ಆದದ್ದು. ಅವಳದ್ದು ಮೂರು ಗಂಟೆ ಇಲ್ಲ. ತೆಗೀರಿ ಡಾಕ್ಟ್ರೇ." ತೆಗೆದರು. ಒಂದು ಬಾಟ್ಲಿ.

ಸುಳ್ಯ ಸಿಕ್ಕಿತು. ದೇವದಾಸ ರಬ್ಬರ್ ತೋಟದ ಕಡೆ ಹೋಗಿದ್ದಾರಂತೆ. ಕರೆಯಲು ಜನ ಕಳಿಸಿದ್ದಾರೆ.

ಅದ್ದು ಬಂದಿಲ್ಲ.

ಕುಂಞಿಪಾತುಮ್ಮನ ತಾಯಿ ಸಾರಮ್ಮ ಬಾಗಿಲಲ್ಲಿ ಬಂದು ಕಂಪ್ಯೂಟರನ್ನೇ ನೋಡುತ್ತಿದ್ದಾರೆ. ಮತ್ತೊಮ್ಮೆ ಅದನ್ನೇ ಟೈಪ್ ಮಾಡಿದೆ. ಮತ್ತೆ ಅದೇ ನಾಲ್ಕು.

ಸಂಜೆ 5

ಮೂರು ಗಂಟೆ ಐದು ನಿಮಿಷಕ್ಕೆ ಹೋದಳು.

ಅದ್ದು ಎರಡಕ್ಕೆ ಒಬ್ಬನೇ ಬಂದಿದ್ದ. ತ್ಯಾಂಪಣ್ಣ ಕಳೆದ ದೀಪಾವಳಿಗೆ ತೀರಿಕೊಂಡರಂತೆ. ಮನೆ ಹುಡುಕಲಿಕ್ಕೇ ಒಂದು ಗಂಟೆ. ದೇವದಾಸ ಮೂರೂವರೆಗೆ ಬಂದರು, ಜೀಪಿನಿಂದ ಇಳಿಯುವಾಗಲೇ ಅಂಗಿಯ ತೋಳು ಮಡಚಿಕೊಂಡು.

ಕಾರಿಡಾರಿನಲ್ಲಿ ಸಾರಮ್ಮ ಅಳಿಯನಿಗೆ ಒಂದೇ ಮಾತು ಹೇಳಿದರು. ಬ್ಯಾರಿ ಭಾಷೆಯಲ್ಲಿ. ಅಷ್ಟು ನನಗೂ ಅರ್ಥವಾಗುತ್ತದೆ. "ಸತ್ತವನ ಮನೆಯಲ್ಲಿ ಹೋಗಿ ಕೂತಿದ್ದೆಯಾ?"

ನಾನು ಬರೆದುಕೊಟ್ಟ ಚೀಟಿ ಅವನ ಕೈಯಲ್ಲೇ ಇತ್ತು.

15-3-89

ಹೋಗಲಿಲ್ಲ. ತಲೆನೋವು ಅಂತ ಹೇಳಿ ಕಳಿಸಿದೆ.

27-3-89, ಸೋಮವಾರ, ಮಧ್ಯಾಹ್ನ

ಬಸ್‌ಸ್ಟ್ಯಾಂಡಿನ ಪಕ್ಕದ ಕಿಟ್ಟಣ್ಣನ ಅಂಗಡಿಗೆ ವಾಚು ರಿಪೇರಿಗೆ ಕೊಡಲು ಹೋಗಿದ್ದೆ. ಗಾಜಿನ ಪೆಟ್ಟಿಗೆಯ ಹಿಂದೆ ಒಂದು ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ಕೂತಿರುತ್ತಾರೆ, ಬೆಳಿಗ್ಗೆ ಎಂಟರಿಂದ ಸಂಜೆ ಏಳು. ಅಲ್ಲಿಂದ ಆಸ್ಪತ್ರೆ ಮೂರು ನಿಮಿಷ.

ವಾಚಿನ ಹಿಂಬದಿ ಬಿಚ್ಚುತ್ತಾ ಹೇಳಿದರು. "ಪಾಪ, ಸವಣೂರಿನ ಆ ಹುಡುಗಿ ಹೋದಳಂತಲ್ಲ ಟೀಚರ್. ಯಾವ ರಕ್ತ ಬೇಕಿತ್ತು?"

"ಓ ನೆಗೆಟಿವ್."

ದುರ್ಬೀನು ತೆಗೆದರು. "ನಂದೂ ಅದೇ ಅಲ್ವಾ?"

ಅಂಗಿಯ ಜೇಬಿನಿಂದ ಕಾರ್ಡ್ ತೆಗೆದು ಮುಂದಿಟ್ಟರು. ನನ್ನದೇ ಅಕ್ಷರ. ಕ್ಯಾಂಪಿನ ದಿನ ನಾನೇ ಬರೆದದ್ದು.

"ಕರೀಲೇ ಇಲ್ಲ ನೀವು? ನಾನು ಇಲ್ಲೇ ಇದ್ದೆ ಮಾರಾಯ್ರೆ."

ಏನು ಹೇಳಿದೆನೋ ನೆನಪಿಲ್ಲ. ವಾಚು ಅಲ್ಲೇ ಬಿಟ್ಟು ಬಂದೆ.

ಅದೇ ದಿನ, 4 ಗಂಟೆ

LIST FOR NAME = 'KITTANNA'

ಇದ್ದಾರೆ. 648ನೆಯ ಹೆಸರು. ಗುಂಪು ಎದುರಿಗೇ ಉಂಟು. ಆದರೆ O- ಅಂತ ಕೇಳಿದರೆ ಬರುವುದಿಲ್ಲ. ನಾಲ್ಕು ಸಲ ಕೇಳಿದೆ. ಮಿಷನ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿ ಎಂದುಕೊಂಡೆ.

ಕನ್ನಡಕ ಒರೆಸಿ ಹತ್ತಿರ ಹೋಗಿ ನೋಡಿದೆ. ಆ ಓ ಒಳಗೆ ಒಂದು ಸಣ್ಣ ಚುಕ್ಕೆ. ಬೇರೆಯವರ ಹೆಸರಿನ ಮುಂದಿನ ಓ ಒಳಗೆ ಅದಿಲ್ಲ.

ಅಕ್ಷರದ ನಂಬರ್ ಕೇಳುವುದು ಹೇಗೆ ಎಂದು ಉದಯಶಂಕರ ಒಮ್ಮೆ ತೋರಿಸಿದ್ದರು. ? ASC(BG) ಅಂತ ಬರೆದೆ. 48 ಅಂದಿತು. ಶಂಕರಿಯ ಹೆಸರಿಗೆ ಹೋಗಿ ಕೇಳಿದೆ. 79.

ನಲವತ್ತೆಂಟು ಸೊನ್ನೆ. ಎಪ್ಪತ್ತೊಂಬತ್ತು ಓ.

ಫಾರ್ಮುಗಳ ಕಟ್ಟು ತೆಗೆದೆ. ಜನವರಿ 19 ಮತ್ತು 20ರಂದು, ಸೊನ್ನೆ ಅಭ್ಯಾಸ ಮಾಡಿದ ಮರುದಿನಗಳಲ್ಲಿ ಏರಿಸಿದವು. ಬಸ್‌ಸ್ಟ್ಯಾಂಡ್ ಕ್ಯಾಂಪಿನ ನಲವತ್ತನಾಲ್ಕು ಜನ. ಆ ಎರಡು ದಿನ ಓ ಬಂದಲ್ಲೆಲ್ಲ ನನ್ನ ಬೆರಳು ಸೊನ್ನೆಗೇ ಹೋಗಿದೆ. ಹೆಸರಿನಲ್ಲಿ ಮಾತ್ರ ಸರಿ. ಗುಂಪಿನಲ್ಲಿ ಅಷ್ಟೂ ಸೊನ್ನೆ. ಓ ಪಾಸಿಟಿವ್ ಹದಿನಾರು. ಅದು ಯಾರಿಗೂ ಗೊತ್ತಾಗಲಿಲ್ಲ, ಆ ಗುಂಪಿನವರು ಬೇಕಾದಷ್ಟು ಇದ್ದಾರೆ. ಓ ನೆಗೆಟಿವ್ ಎರಡು. ಕಿಟ್ಟಣ್ಣ. ಮತ್ತೆ ಹೂ ಮಾರುವ ಚೆನ್ನು. ಅವಳು ಆಸ್ಪತ್ರೆಯ ಗೇಟಿನ ಎದುರಿಗೇ ಕೂರುವುದು.

ಗೇಟಿನ ಎದುರಿಗೇ.

ಆ ಹೊತ್ತಿನಲ್ಲಿ ಒಂದೇ ತೋರಿದ್ದು, ಇನ್ನೊಬ್ಬರು ಹೀಗೆ ಹೋಗಬಾರದು. ಸೊನ್ನೆ ಇದ್ದಲ್ಲೆಲ್ಲ ಓ ಹಾಕು ಅಂತ ಒಂದು ಸಾಲು ಬರೆದೆ. REPLACE ALL BG WITH 'O-' FOR BG = '0-'

2 records replaced

ಎಂಟರ್ ಒತ್ತಿ ಕೈ ತೆಗೆಯುವ ಮೊದಲೇ ಆಗಿತ್ತು. ಪಾಸಿಟಿವ್ ಹದಿನಾರನ್ನೂ ಹಾಗೆಯೇ ತಿದ್ದಿದೆ.

28-3-89

ಡಾಕ್ಟರರಿಗೆ ಹೇಳಿದೆ. ಬಾಗಿಲು ಹಾಕಿ ಹೇಳಿದೆ. ನಿಂತೇ ಹೇಳಿದೆ.

ಅವರು ಸ್ಟೆತಾಸ್ಕೋಪು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟರು.

"ಎರಡು ಬಾಟ್ಲಿ ಮೊದಲೇ ಸಿಕ್ಕಿದ್ರೆ..." ಅಂದೆ.

"ಸಿಕ್ಕಿದ್ರೆ ದೇವದಾಸ ಬರುವವರೆಗೆ ಹಿಡಿದು ನಿಲ್ಲಿಸ್ತಿದ್ದೆ ನಾನು." ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತೋ ಏನೋ. "ಅದು ಕೂಡ ಹೇಳ್ಲಿಕ್ಕೆ ಆಗುದಿಲ್ಲ ಟೀಚರ್. ಹೋಗುದಿದ್ರೆ ಹೋಗ್ತಿದ್ದಳು."

"ಸಾರಮ್ಮನಿಗೆ ಹೇಳ್ಬೇಕು."

"ಬೇಡ. ಈ ವಿಷಯ ಹೊರಗೆ ಹೋದ್ರೆ ನಾಳೆಯಿಂದ ಒಬ್ಬನೂ ಫಾರ್ಮ್ ತುಂಬುದಿಲ್ಲ. ಪಟ್ಟಿ ಇಲ್ಲದಿದ್ದಾಗ ವರ್ಷಕ್ಕೆ ಏಳೆಂಟು ಜನ ಹೋಗ್ತಿದ್ದರು ನನ್ನ ಕೈಯಲ್ಲೇ. ಗೊತ್ತುಂಟಾ ನಿಮಗೆ?"

ಗೊತ್ತುಂಟು. ಅವರು ಹೇಳಿದ್ದು ತಪ್ಪಲ್ಲ. ಅದೇ ಕಷ್ಟ.

6-4-89, ಗುರುವಾರ

ಮರದ ಮಿಲ್ಲಿನ ಗುಮಾಸ್ತ ಮಗಳ ಟೈಪಿಂಗ್ ಫಾರ್ಮ್ ಕೊಡಲು ಬಂದವನು ಹೇಳಿದ. ಸಾರಮ್ಮ ಅದ್ದುವನ್ನು ಮನೆಗೆ ಸೇರಿಸುತ್ತಿಲ್ಲ. ಮದುವೆಯಾದಲ್ಲಿಂದ ಅವನಿದ್ದದ್ದು ಅತ್ತೆಯ ಮನೆಯಲ್ಲೇ. ಈಗ ಮಿಲ್ಲಿನ ಷೆಡ್ಡಿನಲ್ಲಿ ಮಲಗುತ್ತಾನೆ. ಮಗುವನ್ನು ನೋಡಲು ಹೋದರೆ ಬಾಗಿಲು ತೆಗೆಯುವುದಿಲ್ಲ. ಊರವರೂ ಹಾಗೆಯೇ ಆಡಿಕೊಳ್ಳುತ್ತಾರಂತೆ. ಹೆಂಡತಿ ಸಾಯುವಾಗ ಕಡಬಕ್ಕೆ ಸವಾರಿ ಹೋದವನು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಿದ್ದರೆ ಜನ ಸಿಗುತ್ತಿರಲಿಲ್ಲವಾ ಅಂತ.

ಸಿಗುತ್ತಿದ್ದರು. ಇಬ್ಬರು.

9-4-89, ಭಾನುವಾರ

ಸವಣೂರಿಗೆ ಹೋದೆ. ಡಾಕ್ಟರರಿಗೆ ಹೇಳದೆ.

ರಮ್ಜಾನಿನ ಉಪವಾಸ. ಆದರೂ ನನಗೆ ಎಳನೀರು ಕೆತ್ತಿಸಿ ಕೊಟ್ಟರು ಸಾರಮ್ಮ. ಮಗು ತೊಟ್ಟಿಲಲ್ಲಿತ್ತು. ನೋಡಬಾರದು ಎಂದುಕೊಂಡು ಹೋಗಿದ್ದೆ. ನೋಡಿದೆ. ಕೈ ಮುಷ್ಟಿ ಕಟ್ಟಿ ಮಲಗಿತ್ತು.

ಎಲ್ಲ ಹೇಳಿದೆ. ಓ, ಸೊನ್ನೆ, ನನ್ನ ಬೆರಳು, ಕಿಟ್ಟಣ್ಣ, ಚೆನ್ನು. ಅದ್ದುವಿನದ್ದು ಏನೂ ತಪ್ಪಿಲ್ಲ, ಕಡಬಕ್ಕೆ ಕಳಿಸಿದ್ದು ನಾನು.

ಕೊನೆಯವರೆಗೆ ಕೇಳಿದರು. ಆಮೇಲೆ ಕೇಳಿದ್ದು ಇಷ್ಟು. "ಅದ್ದು ಕಳಿಸಿದ್ದಾ ನಿಮ್ಮನ್ನು?"

"ಇಲ್ಲ ಸಾರಮ್ಮ. ಅವನಿಗೆ ಗೊತ್ತೇ ಇಲ್ಲ."

"ಕಲಿತವರು ನೀವು. ಒಂದು ಸೊನ್ನೆಗೆ ಯಾರಾದ್ರೂ ಸಾಯ್ತಾರಾ ಟೀಚರೇ? ಅವನು ನಿಮ್ಮ ಕಾಲು ಹಿಡಿದಿರ್ಬೇಕು. ನೀವು ಒಳ್ಳೆಯವರು, ಬಂದಿರಿ. ಅದು ಎಲ್ಲಿ ಉಂಟು, ಆ ತಪ್ಪು? ತೋರಿಸ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಅದನ್ನು ನಾನೇ ತಿದ್ದಿಯಾಗಿದೆ. ಈಗ ಹೋಗಿ ಕೇಳಿದರೆ ಆರು ಹೆಸರು ಸರಿಯಾಗಿ ಬರುತ್ತವೆ.

ಬಸ್ಸಿಗೆ ಕಾಯುವಾಗ ಬಾಯಿ ಒಣಗಿತ್ತು. ಎಳನೀರು ಕುಡಿದಿರಲಿಲ್ಲ.

21-4-89, ಶುಕ್ರವಾರ

ಮಿಲ್ಲಿಗೆ ಹೋದೆ. ಅವನಿಗಾದರೂ ಹೇಳಬೇಕು ಅಂತ. ಅದ್ದು ಇಲ್ಲ. ನಾಲ್ಕು ದಿನದ ಹಿಂದೆ ಹೋದನಂತೆ. ಬೊಂಬಾಯಿ ಅಂತ ಒಬ್ಬ, ಕೊಚ್ಚಿ ಅಂತ ಇನ್ನೊಬ್ಬ. ಒಂದು ಚೀಲ, ಅಷ್ಟೇ.

ಹನ್ನೆರಡು ದಿನ ಯಾಕೆ ಕಾದೆ? ಬರೆಯಲಿಕ್ಕೆ ಕಾರಣವೇ ಇಲ್ಲ. ಹೆದರಿಕೆ.

2-5-89, ಮಂಗಳವಾರ

ದಾರಿ ಒಂದೇ. ಕಿಟ್ಟಣ್ಣನ ಕಾರ್ಡಿನಲ್ಲಿ ಕ್ಯಾಂಪಿನ ತಾರೀಕು ಉಂಟು, ಗುಂಪು ಉಂಟು. ಅವರೇ ಬಂದು ನಿಂತರೆ ಸಾರಮ್ಮ ನಂಬಿಯಾರು. ಅದಕ್ಕೆ ಅವರಿಗೂ ಹೇಳಬೇಕು. ಹೇಳಿದೆ.

ಕೈಯಲ್ಲಿದ್ದ ಸಣ್ಣ ಸ್ಕ್ರೂ ಕೆಳಗೆ ಬಿತ್ತು. ಹುಡುಕಲಿಲ್ಲ.

"ನಾನು ಆ ದಿನ ಮಧ್ಯಾಹ್ನ ಕೆಲಸ ಇಲ್ಲ ಅಂತ ಪೇಪರ್ ಓದ್ತಾ ಕೂತಿದ್ದೆ" ಅಂದರು. "ಹೋಗಿ ಆ ತಾಯಿಗೆ ಎಂತ ಹೇಳುದು? ನನ್ನ ಹತ್ತಿರ ಇತ್ತು, ನಾನು ಪೇಪರ್ ಓದ್ತಾ ಇದ್ದೆ ಅಂತಲಾ?"

"ತಪ್ಪು ನಂದು ಕಿಟ್ಟಣ್ಣ."

"ತಪ್ಪು ನಿಮ್ದೇ. ಆದರೆ ರಕ್ತ ನಂದಲ್ವಾ."

ಅಂಗಡಿ ಮುಚ್ಚಿ ಹೋದರು. ನಾಲ್ಕು ಗಂಟೆಗೆ. ಆ ಅಂಗಡಿಯನ್ನು ಆ ಹೊತ್ತಿನಲ್ಲಿ ಮುಚ್ಚಿದ್ದನ್ನು ನಾನು ನೋಡಿಲ್ಲ. ಒಬ್ಬರ ಮೇಲಿದ್ದದ್ದನ್ನು ಇನ್ನೊಬ್ಬರ ಮೇಲೆ ಹೊರಿಸಿದ ಹಾಗಾಯಿತು.

10-5-89, ಬುಧವಾರ

ಕಿಟ್ಟಣ್ಣ ತಾವಾಗಿಯೇ ಬಂದರು. "ಹೋಗುವ ಟೀಚರ್. ನಿದ್ರೆ ಬರುದಿಲ್ಲ ನನಗೆ." ಹಬ್ಬ ಕಳೆದು ಮೂರು ದಿನ. ಹತ್ತರ ಬಸ್ಸು.

ಸಾರಮ್ಮ ಅಂಗಳದಲ್ಲಿ ಮಗುವಿನ ಬಟ್ಟೆ ಒಣಗಿಸುತ್ತಿದ್ದರು. ಕಿಟ್ಟಣ್ಣ ಚಪ್ಪಲಿ ಕಳಚಿ ಮೆಟ್ಟಿಲ ಕೆಳಗೇ ನಿಂತರು. ಕಾರ್ಡ್ ಚಾಚಿದರು. ಸಾರಮ್ಮನಿಗೆ ಓದು ಬಾರದು. ಆದರೂ ತೆಗೆದುಕೊಂಡು ತಿರುಗಿಸಿ ನೋಡಿದರು.

"ಅಮ್ಮಾ, ನಂದೂ ಅದೇ ರಕ್ತ. ನನ್ನನ್ನು ಕರೀಲಿಲ್ಲ. ಮಿಷನ್‌ನಲ್ಲಿ ನನ್ನ ಹೆಸರು ಬರ್ಲಿಲ್ಲ."

"ಆ ದಿನ ನೀವು ಎಲ್ಲಿದ್ದಿರಿ?"

"ಅಂಗಡಿಯಲ್ಲೇ. ಆಸ್ಪತ್ರೆಯಿಂದ ಮೂರು ನಿಮಿಷ."

ಸಾರಮ್ಮ ನೆಲದ ಮೇಲೆ ಕೂತರು. ಬೈಯಬಹುದು, ಎದೆ ಬಡಿದುಕೊಳ್ಳಬಹುದು ಎಂದುಕೊಂಡಿದ್ದೆ. ಏನೂ ಇಲ್ಲ. ನನ್ನ ಕಡೆ ನೋಡಲೂ ಇಲ್ಲ. ಒದ್ದೆ ಬಟ್ಟೆ ಕೈಯಲ್ಲೇ ಇತ್ತು, ಅದರ ನೀರು ಮಣ್ಣಿಗೆ ಇಳಿಯುತ್ತಿತ್ತು.

ಆಮೇಲೆ ಹೇಳಿದರು. "ಅವನು ಬಾಗಿಲು ಬಡಿದ. ಮೂರು ದಿನ ಬಡಿದ. ಮಗು ಅಳ್ತಾ ಇತ್ತು, ಅವನು ಹೊರಗಿಂದ ಅದರ ಹೆಸರು ಕರೀತಾ ಇದ್ದ. ನಾನು ತೆಗೀಲಿಲ್ಲ."

ಮತ್ತೆ, "ಅವನನ್ನು ಕರೆಸಿ ಟೀಚರೇ. ಎಲ್ಲಿದ್ದಾನೆ?"

ಯಾರಿಗೂ ಗೊತ್ತಿಲ್ಲ ಅಂದೆ.

"ಅಷ್ಟು ಜನರ ವಿಳಾಸ ಉಂಟಲ್ಲ ಆ ಮಿಷನ್‌ನಲ್ಲಿ. ಅವಂದು ಇರುದಿಲ್ವಾ?"

11-5-89, ಗುರುವಾರ, ಬೆಳಿಗ್ಗೆ 9.40

ಇನ್‌ಸ್ಟಿಟ್ಯೂಟಿಗೆ ರಜೆ ಹೇಳಿ ಸೀದಾ ಇಲ್ಲಿಗೆ. ಸಾರಮ್ಮ ಮೊದಲ ಬಸ್ಸಿಗೇ ಬಂದು ಹೊರಗೆ ಬೆಂಚಿನಲ್ಲಿ ಕೂತಿದ್ದಾರೆ. ಮಡಿಲಲ್ಲಿ ಮಗು.

ನಿನ್ನೆ ಬಸ್ಸಿನಲ್ಲಿ ನೆನಪಾಯಿತು. ಅದ್ದು ಆ ದಿನ ಕಡಬಕ್ಕೆ ಓಡುವ ಮೊದಲು ತನ್ನದೇ ತೆಗೀರಿ ಅಂತ ತೋಳು ಚಾಚಿದ್ದ. ನೋಡಿದರೆ ಎ ಪಾಸಿಟಿವ್. ಬೇರೆ ಯಾರಿಗಾದರೂ ಆಗಲಿ ಅಂತ ಫಾರ್ಮ್ ತುಂಬಿ ಕೊಟ್ಟಿದ್ದ. ನಾನೇ ಏರಿಸಿದ್ದೆ, ಹೆಸರು ಯಾರದೆಂದು ನೋಡದೆ, ಕೈ ಮಾತ್ರ. ವಿಳಾಸದಲ್ಲಿ ಅವನು ಹುಟ್ಟಿದ ಊರು ಬರೆದಿರಬಹುದು. ಅಣ್ಣನೋ ಚಿಕ್ಕಪ್ಪನೋ ಯಾರಾದರೂ ಇರಬಹುದು. ಕಾಗದ ಹಾಕಿದರೆ...

LIST NAME, ADDR FOR NAME = 'ADDU'

ಒಂದೇ ಸಾಲು ಬಂತು.

ADDU  C/O SARAMMA, SAVANUR

ಹೊರಗಿನಿಂದ "ಸಿಕ್ಕಿತಾ ಟೀಚರೇ?" ಅಂತ ಎರಡು ಸಲ ಕೇಳಿ ಆಯಿತು. ಎದ್ದು ಹೋಗಬೇಕು. ಹೋಗಿ ಅವರಿಗೆ, ಅವನು ಬರೆದ ವಿಳಾಸ ನಿಮ್ಮ ಮನೆಯದೇ ಅಂತ ಹೇಳಬೇಕು.